ಪ್ರತಿ ದಾರಿಗೂ ಒಂದೇ ಗಾಡಿ ಬೇಕಾ? ಬೆಂಗಳೂರಿನಲ್ಲಿ ನಡಿಗೆ, ಸೈಕಲ್, ಬಸ್ಸು, ಮೆಟ್ರೋ ಆರಿಸಿಕೊಳ್ಳುವ ಬಗೆ

ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ಬಹಳ ಮಂದಿ ಮೊದಲು ಕೊಳ್ಳುವುದು ಟೂ ವೀಲರ್. ಸಂಬಳ ಏರಿದ ಮೇಲೆ ಕಾರು. ಗಾಡಿ ಮನೆ ಮುಂದೆ ನಿಂತಿತು ಅಂದರೆ ಆಫೀಸಿಗೂ ಅದೇ, ಹಾಲು ತರಲೂ ಅದೇ, ಪಕ್ಕದ ಬೀದಿಯ ಮೆಡಿಕಲ್ ಶಾಪಿಗೂ ಅದೇ. ನಗರದಲ್ಲಿ ನೋಂದಣಿಯಾದ ವಾಹನಗಳು 1 ಕೋಟಿ ದಾಟಿವೆ. ಇಷ್ಟು ಗಾಡಿ ಇಟ್ಟುಕೊಂಡು ನಾವು ಎಷ್ಟು ಬೇಗ ಓಡಾಡುತ್ತಿದ್ದೇವೆ? ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಅಂದರೆ ಗಂಟೆಗೆ ಹದಿನೇಳು, ಹದಿನೆಂಟು ಕಿ.ಮೀ. ರೂಢಿಯಿರುವ ಸೈಕಲ್ ಸವಾರ ಸುಸ್ತಾಗದೆ ತುಳಿಯುವ ವೇಗವೂ ಇದಕ್ಕೆ ತೀರಾ ಹತ್ತಿರ.

ಹಾಗಂತ ನಾಳೆಯೇ ಕಾರು ಮಾರಿಬಿಡಿ ಅಂತ ನಾನು ಹೇಳುತ್ತಿಲ್ಲ. ಒಂದೇ ಗಾಡಿಯನ್ನು ಎಲ್ಲ ದಾರಿಗೂ ಹಚ್ಚುವುದನ್ನು ಬಿಡೋಣ, ಒಂದೊಂದು ದಾರಿಗೂ ಅದಕ್ಕೆ ಹೊಂದುವುದನ್ನು ಆರಿಸಿಕೊಳ್ಳೋಣ ಅನ್ನುವುದು ನನ್ನ ಮಾತು. ಹಾಗೆ ಆರಿಸಲು ಕೂತರೆ ನಡಿಗೆ, ಸೈಕಲ್, ಬಸ್ಸು, ಮೆಟ್ರೋ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಸಲ ಗೆಲ್ಲುತ್ತವೆ. ಕೆಲವು ಕಡೆ ಸೋಲುತ್ತವೆ, ಅದನ್ನೂ ಮುಚ್ಚಿಡುವುದಿಲ್ಲ.

ಹೋಲಿಸುವ ಮೊದಲು: ಬಾಗಿಲಿಂದ ಬಾಗಿಲಿಗೆ ಎಣಿಸಿ

ಹೋಲಿಕೆ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಮೆಟ್ರೋ ಅಂದಾಗ ಸ್ಟೇಷನ್‌ಗೆ ನಡೆಯುವುದು, ಬ್ಯಾಗ್ ತಪಾಸಣೆ, ರೈಲಿಗೆ ಕಾಯುವುದು, ಆ ಕಡೆ ಇಳಿದು ಮತ್ತೆ ನಡೆಯುವುದು ಎಲ್ಲವನ್ನೂ ಎಣಿಸುತ್ತೇವೆ. ಕಾರು ಅಂದಾಗ ಮಾತ್ರ ಮ್ಯಾಪ್ ತೋರಿಸಿದ ನಿಮಿಷವಷ್ಟೇ ತಲೆಯಲ್ಲಿರುತ್ತದೆ. ಬೇಸ್‌ಮೆಂಟಿನಿಂದ ಗಾಡಿ ತೆಗೆಯುವುದು, ಪಾರ್ಕಿಂಗ್‌ಗೆ ಎರಡು ಸುತ್ತು ಹೊಡೆಯುವುದು, ನಿಲ್ಲಿಸಿದ ಜಾಗದಿಂದ ಅಂಗಡಿಗೆ ನಡೆಯುವುದು, ಪೆಟ್ರೋಲ್ ಬಂಕಿನ ಸಾಲು, ಇವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಂಧಿ ಬಜಾರಿಗೋ ಮಲ್ಲೇಶ್ವರ 8ನೇ ಕ್ರಾಸಿಗೋ ಸಂಜೆ ಕಾರಲ್ಲಿ ಹೋದವರಿಗೆ ಇದು ಬೇರೆ ಹೇಳಬೇಕಿಲ್ಲ.

ಇನ್ನೊಂದು ವಿಷಯ ಸಮಯದ ಭರವಸೆ. ಮೆಟ್ರೋ ಇವತ್ತು 40 ನಿಮಿಷ ತಗೊಂಡರೆ ನಾಳೆಯೂ ಹೆಚ್ಚುಕಡಿಮೆ ಅಷ್ಟೇ. ಸೈಕಲ್‌ನಲ್ಲೂ ಹಾಗೆ. ಕಾರು ಇವತ್ತು 30 ನಿಮಿಷ, ನಾಳೆ ಮಳೆ ಬಂದರೆ 75. ಹತ್ತು ಗಂಟೆಯ ಮೀಟಿಂಗ್‌ಗೆ ಹೋಗುವವರು ಒಳ್ಳೆಯ ದಿನದ ಸಮಯವನ್ನಲ್ಲ, ಕೆಟ್ಟ ದಿನದ ಸಮಯವನ್ನು ಹೋಲಿಸಬೇಕು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಅಂಶ.

2 ಕಿ.ಮೀ. ಒಳಗೆ: ನಡಿಗೆ

ಸಾಧಾರಣ ನಡಿಗೆಯಲ್ಲಿ 1 ಕಿ.ಮೀ.ಗೆ 12 ನಿಮಿಷ. ಒಂದೂವರೆ ಕಿ.ಮೀ. ದೂರದ ತರಕಾರಿ ಅಂಗಡಿಗೆ 18 ನಿಮಿಷ. ಸ್ಕೂಟರಿನಲ್ಲಿ ಏಳೆಂಟು ನಿಮಿಷ ಆಗಬಹುದು, ಒನ್ ವೇ ಸುತ್ತಿ ಬಂದರೆ ಹತ್ತು. ಆಟೋದಲ್ಲಿ ಹೋದರೆ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಅದೂ ಮೀಟರ್ ಹಾಕಿದರೆ. ಉಳಿಯುವ ಹತ್ತು ನಿಮಿಷಕ್ಕೆ ಗಾಡಿ ತೆಗೆಯುವುದು ಬೇಕಾ ಅಂತ ಒಮ್ಮೆ ಕೇಳಿಕೊಂಡು ನೋಡಿ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಮಟ್ಟದ ವ್ಯಾಯಾಮ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಾ ಅಂಗಡಿ, ದೇವಸ್ಥಾನ, ಬಸ್ ಸ್ಟಾಪ್ ಅಂತ ಸ್ವಲ್ಪ ಬಿರುಸಾಗಿ ಅರ್ಧ ಗಂಟೆ ನಡೆದರೆ ಐದೇ ದಿನದಲ್ಲಿ ಅದು ಮುಗಿಯಿತು. ಅದಕ್ಕಾಗಿ ಜಿಮ್‌ಗೆ ಕಾರಲ್ಲಿ ಹೋಗಬೇಕಿಲ್ಲ.

ನಡಿಗೆಗೆ ಎದುರಾಗುವ ದೊಡ್ಡ ಕಷ್ಟ ಫುಟ್‌ಪಾತು. ಚಪ್ಪಡಿ ಎದ್ದಿರುತ್ತದೆ, ನಡುವೆ ಟ್ರಾನ್ಸ್‌ಫಾರ್ಮರ್ ನಿಂತಿರುತ್ತದೆ, ಟ್ರಾಫಿಕ್ ಜಾಸ್ತಿಯಾದಾಗ ಬೈಕುಗಳು ಮೇಲೆಯೇ ಹತ್ತಿ ಬರುತ್ತವೆ. ಬೆಂಗಳೂರಿನ ರಸ್ತೆ ಅಪಘಾತಗಳಲ್ಲಿ ಸಾಯುವವರಲ್ಲಿ ದೊಡ್ಡ ಪಾಲು ಟೂ ವೀಲರ್ ಸವಾರರದು ಮತ್ತು ನಡೆದು ಹೋಗುವವರದು. ಇದನ್ನು ಮರೆತು ‘ಸುಮ್ನೆ ನಡೀರಿ’ ಅನ್ನುವುದು ನ್ಯಾಯವಲ್ಲ. ಹಾಗಾಗಿ ದಾರಿಯನ್ನು ಆರಿಸಿಕೊಳ್ಳಿ. ಮುಖ್ಯ ರಸ್ತೆಗಿಂತ ಅದಕ್ಕೆ ಸಮಾನಾಂತರವಾಗಿ ಹೋಗುವ ಒಳರಸ್ತೆ ಹೆಚ್ಚಾಗಿ ನೆರಳೂ ಹೌದು, ಸದ್ದೂ ಕಡಿಮೆ. ಜಯನಗರ, ಬಸವನಗುಡಿ, ಮಲ್ಲೇಶ್ವರ, ರಾಜಾಜಿನಗರದಂಥ ಹಳೆಯ ಬಡಾವಣೆಗಳಲ್ಲಿ ಮೈನು, ಕ್ರಾಸು ಅಂತ ಚೌಕ ಚೌಕವಾಗಿ ರಸ್ತೆ ಇರುವುದರಿಂದ ಇಂಥ ದಾರಿ ಸುಲಭವಾಗಿ ಸಿಗುತ್ತದೆ. ರಾತ್ರಿ ಹೊತ್ತು ಮಾತ್ರ ಬೀದಿದೀಪ ಮತ್ತು ತೆರೆದ ಅಂಗಡಿಗಳಿರುವ ರಸ್ತೆಯೇ ಒಳ್ಳೆಯದು.

ಫುಟ್‌ಪಾತ್ ಚೆನ್ನಾಗಿದ್ದರೆ ಜನ ನಡೆಯುತ್ತಾರೆ ಅನ್ನುವುದಕ್ಕೆ ನಮ್ಮ ಊರಲ್ಲೇ ಸಾಕ್ಷಿ ಇದೆ. ಟೆಂಡರ್ ಶೂರ್ ಯೋಜನೆಯಲ್ಲಿ ಪೈಪು, ಕೇಬಲ್ಲು ಎಲ್ಲ ಒಳಗೆ ಹಾಕಿ ಅಗಲವಾದ ಫುಟ್‌ಪಾತ್ ಮಾಡಿದ ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆ ನೋಡಿ. 2018ರಲ್ಲಿ ಹೊಸ ರೂಪ ಪಡೆದ ಚರ್ಚ್ ಸ್ಟ್ರೀಟ್ ನೋಡಿ. ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡವರು, ವಯಸ್ಸಾದವರು ಅಲ್ಲಿ ಆರಾಮಾಗಿ ಓಡಾಡುತ್ತಾರೆ.

2ರಿಂದ 7 ಕಿ.ಮೀ.: ಸೈಕಲ್‌ನ ಜಾಗ

ಇದು ನನಗೆ ಅತ್ಯಂತ ಇಷ್ಟವಾದ ದೂರ. ನಡೆಯಲು ಜಾಸ್ತಿ, ಮೆಟ್ರೋಗೆ ಕಡಿಮೆ, ಕಾರಿಗೆ ಬರೀ ಸಿಗ್ನಲ್. 5 ಕಿ.ಮೀ. ದಾರಿಯನ್ನು ಹೊಸಬರು ಸೈಕಲ್‌ನಲ್ಲಿ 25 ನಿಮಿಷದಲ್ಲಿ ಮುಗಿಸುತ್ತಾರೆ. ಒಂದೆರಡು ತಿಂಗಳ ರೂಢಿಯಾದರೆ 20 ಸಾಕು. ಸಂಜೆ ಆರೂವರೆಗೆ ಅದೇ ದಾರಿಯಲ್ಲಿ ಕಾರು ಇದಕ್ಕಿಂತ ಬೇಗ ಬರುತ್ತದೆ ಅನ್ನುವ ಖಾತ್ರಿ ಯಾರಿಗೂ ಇಲ್ಲ.

ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿದೆ. ಚೆನ್ನೈನಲ್ಲೋ ಕಲಬುರಗಿಯಲ್ಲೋ ಬೇಸಿಗೆಯ ಬೆಳಿಗ್ಗೆ ಒಂಬತ್ತಕ್ಕೆ ಸೈಕಲ್ ತುಳಿಯುವುದು ಬೇರೆ, ಇಲ್ಲಿ ತುಳಿಯುವುದು ಬೇರೆ. ವರ್ಷದ ಬಹುಪಾಲು ಬೆಳಿಗ್ಗೆಗಳು ತಂಪು. ‘ಬೆವರು ಬರುತ್ತೆ’ ಅನ್ನುವುದು ನಿಜ, ಅದಕ್ಕೆ ಎರಡು ಉಪಾಯ ಇವೆ. ಬ್ಯಾಗನ್ನು ಬೆನ್ನಿಗೆ ಹಾಕಬೇಡಿ, ಹಿಂದಿನ ಕ್ಯಾರಿಯರ್‌ಗೆ ಕಟ್ಟಿ. ಬೆವರುವುದು ಹೆಚ್ಚಾಗಿ ಬೆನ್ನೇ. ಎರಡನೆಯದು, ಬೆಳಿಗ್ಗೆ ಹೋಗುವಾಗ ನಿಧಾನ ತುಳಿಯಿರಿ, ಜೋರು ತುಳಿಯುವ ಆಸೆ ಇದ್ದರೆ ಸಂಜೆ ಮನೆಗೆ ಬರುವಾಗ ತೀರಿಸಿಕೊಳ್ಳಿ.

ಯಾವ ಸೈಕಲ್ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದಪ್ಪ ಟಯರು, ಮುಂದೆ ಸಸ್ಪೆನ್ಷನ್ ಇರುವ ‘ಎಂಟಿಬಿ’ ನೋಡಲು ಗಟ್ಟಿಯಾಗಿ ಕಾಣುತ್ತದೆ, ಆದರೆ ಡಾಂಬರು ರಸ್ತೆಯಲ್ಲಿ ದಿನಾ ತುಳಿಯಲು ಭಾರ. ತೆಳ್ಳನೆಯ ಟಯರಿನ ರೋಡ್ ಬೈಕು ನಮ್ಮ ಗುಂಡಿ, ಹಂಪ್‌ಗಳಿಗೆ ಆಗುವುದಿಲ್ಲ. ನಡುವಿನದು ಹೈಬ್ರಿಡ್, ಆಫೀಸಿಗೆ ಹೋಗುವವರಿಗೆ ಅದೇ ಸರಿ. ದಾರಿ ಸಮತಟ್ಟಾಗಿದ್ದು ಮೂರ್ನಾಲ್ಕು ಕಿ.ಮೀ. ಒಳಗಿದ್ದರೆ ಗೇರಿಲ್ಲದ ಹಳೆಯ ಕರಿ ಸೈಕಲ್ಲೂ ಸಾಕು. ಅದಕ್ಕೆ ಮಡ್‌ಗಾರ್ಡ್, ಚೈನ್ ಕವರ್, ಸ್ಟ್ಯಾಂಡ್, ಬೆಲ್ ಎಲ್ಲ ಮೊದಲೇ ಇರುತ್ತವೆ. ದುಬಾರಿ ಸೈಕಲ್‌ಗೆ ಅವನ್ನೆಲ್ಲ ಬೇರೆ ಕೊಂಡು ಹಾಕಿಸಬೇಕು. ಹೆಲ್ಮೆಟ್, ಮುಂದೆ ಹಿಂದೆ ಲೈಟು, ಗಟ್ಟಿ ಬೀಗ, ಈ ಮೂರರಲ್ಲಿ ದುಡ್ಡು ಉಳಿಸಬೇಡಿ.

ಏರು ಜಾಸ್ತಿ ಇದ್ದರೆ, ಮಂಡಿ ನೋವಿದ್ದರೆ, ದೂರ ಏಳೆಂಟು ಕಿ.ಮೀ. ದಾಟಿದರೆ ಎಲೆಕ್ಟ್ರಿಕ್ ಸೈಕಲ್ ನೋಡಿ. ಮೋಟಾರ್ 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದರೆ ಲೈಸೆನ್ಸ್ ಬೇಡ, ನೋಂದಣಿ ಬೇಡ. ತುಳಿಯುವುದೂ ಆಗುತ್ತದೆ, ಬೆವರೂ ಬರುವುದಿಲ್ಲ. ಐವತ್ತು ದಾಟಿದವರು ‘ನನ್ನ ಕೈಲಾಗಲ್ಲ’ ಅನ್ನುವ ಮೊದಲು ಒಮ್ಮೆ ಇದನ್ನು ಓಡಿಸಿ ನೋಡಬೇಕು.

ಸುರಕ್ಷತೆಯ ಪ್ರಶ್ನೆ ನಿಜವಾದದ್ದು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸೈಕಲ್‌ಗೆಂದೇ ಪಕ್ಕದಲ್ಲಿ ಲೇನ್ ಮಾಡಿದರು. ಗೂಟ ಮುರಿದಲ್ಲೆಲ್ಲ ಬೈಕು, ಕಾರು ನುಗ್ಗಿದವು. ಈಗಲೂ ಆ ರಸ್ತೆ, ವೈಟ್‌ಫೀಲ್ಡ್ ಮುಖ್ಯರಸ್ತೆ, ಹೊಸೂರು ರಸ್ತೆಯಂಥ ಕಡೆ ಹೊಸಬರು ಸೈಕಲ್ ಇಳಿಸಬೇಡಿ ಅಂತಲೇ ನಾನು ಹೇಳುತ್ತೇನೆ. ನಿಮ್ಮ ದಾರಿಯಲ್ಲಿ ಅಂಥ ರಸ್ತೆ ತಪ್ಪಿಸಲು ಆಗದಿದ್ದರೆ ಸೈಕಲ್ ಬಿಟ್ಟು ಬಸ್ಸು ಹಿಡಿಯಿರಿ, ಅದರಲ್ಲಿ ಸೋಲೇನೂ ಇಲ್ಲ. ಒಳರಸ್ತೆ ಇದ್ದರೆ ಎಡಕ್ಕೆ ತೀರಾ ಅಂಟಿಕೊಂಡು ಹೋಗಬೇಡಿ. ನಿಂತ ಕಾರಿನ ಬಾಗಿಲು ತಟ್ಟನೆ ತೆರೆದುಕೊಳ್ಳುತ್ತದೆ. ಬಾಗಿಲಿನ ಅಗಲದಷ್ಟು ಜಾಗ ಬಿಟ್ಟು ನೇರವಾಗಿ ತುಳಿಯಿರಿ. ಕೈ ತೋರಿಸಿ ತಿರುಗಿ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನಗಳಿಗೆ ಪ್ರವೇಶವಿರುವುದಿಲ್ಲ. ಮತ್ತೆ ಸೈಕಲ್ ಹತ್ತುವವರಿಗೆ ಕೈಕಾಲು ಹದಕ್ಕೆ ತಂದುಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

7 ಕಿ.ಮೀ. ಮೇಲೆ: ಬಸ್ಸಾ, ಮೆಟ್ರೋನಾ?

ಮೊದಲು ಮೆಟ್ರೋ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಶುರುವಾದ ಚಿಕ್ಕ ದಾರಿ ಈಗ ಮೂರು ಬಣ್ಣಗಳಲ್ಲಿ ಹಬ್ಬಿದೆ. ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಹೋಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ವರ್ಷಗಟ್ಟಲೆ ನಿಂತು ಬಂದವರಿಗೆ ಆ ಜಂಕ್ಷನ್ ಮೇಲೆ ರೈಲಿನಲ್ಲಿ ಹಾದು ಹೋಗುವುದು ಎಂಥ ಬಿಡುಗಡೆ ಅಂತ ವಿವರಿಸಬೇಕಿಲ್ಲ.

ಮೆಟ್ರೋದ ತೊಂದರೆ ಟಿಕೆಟ್ ದರ. 2025ರ ಫೆಬ್ರವರಿಯ ಏರಿಕೆಯಲ್ಲಿ ಕನಿಷ್ಠ ದರ 10 ರೂಪಾಯಿಯಲ್ಲೇ ಉಳಿದರೂ ಗರಿಷ್ಠ ದರ 60ರಿಂದ 90ಕ್ಕೆ ಹೋಯಿತು. ಸ್ಮಾರ್ಟ್ ಕಾರ್ಡ್ ಇದ್ದರೆ ಶೇ 5 ರಿಯಾಯಿತಿ ಇದೆ, ದಟ್ಟಣೆ ಇಲ್ಲದ ಹೊತ್ತಿನಲ್ಲಿ ಇನ್ನೂ ಶೇ 5. ದಿನಾ ಹೋಗುವವರು ಕಾರ್ಡ್ ಇಲ್ಲದೆ ಓಡಾಡುವುದು ದುಡ್ಡು ದಂಡ.

ಬಸ್ಸಿನದು ಇದಕ್ಕೆ ಉಲ್ಟಾ. ಸಮಯದ ಭರವಸೆ ಕಡಿಮೆ, ಯಾಕೆಂದರೆ ಕಾರುಗಳ ನಡುವೆಯೇ ಅದೂ ಸಿಕ್ಕಿಕೊಳ್ಳುತ್ತದೆ. ಆದರೆ ಮೆಟ್ರೋ ಮುಟ್ಟದ ಬಡಾವಣೆಗೂ ಬಸ್ಸು ಹೋಗುತ್ತದೆ, ಖರ್ಚು ತೀರಾ ಕಡಿಮೆ. 2025ರ ಜನವರಿಯಲ್ಲಿ ದರ ಶೇ 15 ಏರಿದ ಮೇಲೂ ಸಾಮಾನ್ಯ ಬಸ್ಸಿನ ತಿಂಗಳ ಪಾಸ್ 1,200 ರೂಪಾಯಿ, ದಿನದ ಪಾಸ್ 80. ಕರ್ನಾಟಕದ ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಎ.ಸಿ. ಇಲ್ಲದ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಮನೆಗೆಲಸಕ್ಕೆ, ಗಾರ್ಮೆಂಟ್ಸ್‌ಗೆ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಸಾವಿರ ರೂಪಾಯಿಗೂ ಹೆಚ್ಚು ಉಳಿಯುತ್ತದೆ ಅಂದರೆ ಅದು ಚಿಕ್ಕ ಮಾತಲ್ಲ. ಒಬ್ಬಳೇ ಹೊರಗೆ ಹೋಗಲು ಯಾರ ಹತ್ತಿರವೂ ದುಡ್ಡು ಕೇಳಬೇಕಿಲ್ಲ ಅನ್ನುವುದು ಇನ್ನೂ ದೊಡ್ಡದು.

ಪಾಸ್‌ನ ಬಗ್ಗೆ ಒಂದು ಮಾತು. ಅದರ ನಿಜವಾದ ಲಾಭ ದುಡ್ಡಿಗಿಂತ ಬಸ್ಸು ಬದಲಿಸುವ ಸ್ವಾತಂತ್ರ್ಯದಲ್ಲಿದೆ. ಟಿಕೆಟ್ ಕೊಳ್ಳುವವರು ನೇರ ಬಸ್ಸಿಗಾಗಿ ಅರ್ಧ ಗಂಟೆ ಕಾಯುತ್ತಾರೆ. ಪಾಸ್ ಇದ್ದವರು ಆ ಕಡೆ ಹೋಗುವ ಯಾವುದಾದರೂ ಬಸ್ಸು ಹತ್ತಿ ನಡುವೆ ಇಳಿದು ಇನ್ನೊಂದು ಹಿಡಿಯಬಹುದು, ಚಿಲ್ಲರೆಯ ಜಗಳವೂ ಇಲ್ಲ. ನಂಬರುಗಳನ್ನು ಸ್ವಲ್ಪ ಕಲಿತುಕೊಳ್ಳಿ. 500ರ ಸರಣಿಯವು ಹೆಚ್ಚಾಗಿ ಹೊರವರ್ತುಲ ರಸ್ತೆಯವು. ‘ಎಂಎಫ್’ ಅಂತ ಇದ್ದರೆ ಮೆಟ್ರೋ ಫೀಡರ್. ‘ಕೆಐಎ’ ಅಂದರೆ ಏರ್‌ಪೋರ್ಟಿಗೆ ಹೋಗುವ ವಾಯುವಜ್ರ. ‘ನಮ್ಮ ಬಿಎಂಟಿಸಿ’ ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆ ಅಂತ ನೋಡಬಹುದು. ಮನೆಯಲ್ಲೇ ನೋಡಿಕೊಂಡು ಹೊರಟರೆ ಸ್ಟಾಪಿನಲ್ಲಿ ಕಾಯುವುದು ತಗ್ಗುತ್ತದೆ.

2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಲೇನ್ ಕೊಟ್ಟಿದ್ದರು. ಬಸ್ಸುಗಳು ಕಾರುಗಳಿಗಿಂತ ಮುಂದೆ ಹೋಗತೊಡಗಿದ್ದವು. ಆಮೇಲೆ ಮೆಟ್ರೋ ಕಾಮಗಾರಿಗೆ ಆ ಲೇನ್ ಹೋಯಿತು. ಒಂದು ಬಸ್ಸು ಎರಡು ಮೂರು ಕಾರಿನಷ್ಟು ಜಾಗದಲ್ಲಿ ಐವತ್ತು, ಅರವತ್ತು ಜನರನ್ನು ಒಯ್ಯುತ್ತದೆ. ಆ ಲೇನ್ ಮತ್ತೆ ಬರಬೇಕು, ಇನ್ನೂ ಹತ್ತು ರಸ್ತೆಗಳಲ್ಲಿ ಬರಬೇಕು ಅನ್ನುವುದು ನನ್ನ ಗಟ್ಟಿ ನಿಲುವು.

ಆರಿಸುವುದು ಹೇಗೆ? ಮನೆಯಿಂದಲೂ ಆಫೀಸಿನಿಂದಲೂ ಸ್ಟೇಷನ್ ಒಂದೊಂದು ಕಿ.ಮೀ. ಒಳಗಿದ್ದರೆ ಕಣ್ಣು ಮುಚ್ಚಿ ಮೆಟ್ರೋ. ಒಂದು ಬದಿ ಹತ್ತಿರ, ಇನ್ನೊಂದು ಬದಿ ಮೂರ್ನಾಲ್ಕು ಕಿ.ಮೀ. ಇದ್ದರೆ ಆ ತುಂಡಿಗೆ ಸೈಕಲ್ ಅಥವಾ ಫೀಡರ್ ಬಸ್ಸು. ಮಡಚುವ ಸೈಕಲ್ಲನ್ನು ಮಡಚಿಟ್ಟು ಮೆಟ್ರೋದೊಳಗೆ ಒಯ್ಯಲು ಅವಕಾಶವಿದೆ. ಆ ತುಂಡಿಗೆ ದಿನಾ ಆಟೋ ಹಿಡಿಯಬೇಕಾದರೆ ಮಾತ್ರ ಲೆಕ್ಕ ಕೆಡುತ್ತದೆ. ಮೆಟ್ರೋಗೆ ಕೊಟ್ಟದ್ದಕ್ಕಿಂತ ಆಟೋಗೆ ಕೊಟ್ಟದ್ದೇ ಜಾಸ್ತಿಯಾಗುತ್ತದೆ. ಅಂಥವರಿಗೆ ಮನೆ ಹತ್ತಿರದ ಸ್ಟಾಪಿನ ನೇರ ಬಸ್ಸೇ ಒಳ್ಳೆಯದು, ಹದಿನೈದು ನಿಮಿಷ ತಡವಾದರೂ.

ವೈಟ್‌ಫೀಲ್ಡ್, ಬಂಗಾರಪೇಟೆ, ತುಮಕೂರು, ರಾಮನಗರ ಕಡೆಯವರಿಗೆ ರೈಲೂ ಇದೆ. ಕನಿಷ್ಠ ಟಿಕೆಟ್ 10 ರೂಪಾಯಿ, ತಿಂಗಳ ಸೀಸನ್ ಟಿಕೆಟ್ ತೆಗೆದರೆ ಅದರಷ್ಟು ಅಗ್ಗ ಇನ್ನೊಂದಿಲ್ಲ. ಆದರೆ ರೈಲುಗಳು ಕಡಿಮೆ, ಒಂದು ತಪ್ಪಿದರೆ ಬಹಳ ಹೊತ್ತು ಕಾಯಬೇಕು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅನ್ನುವ ನಾಲ್ಕು ಮಾರ್ಗಗಳ 148 ಕಿ.ಮೀ. ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಅದು ಓಡಲು ಶುರುವಾದ ದಿನ ಈ ಭಾಗವನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ದುಡ್ಡಿನ ಲೆಕ್ಕ, ಹೊಗೆಯ ಲೆಕ್ಕ

ಮನೆಯಿಂದ ಆಫೀಸಿಗೆ 10 ಕಿ.ಮೀ. ಅಂತ ಇಟ್ಟುಕೊಳ್ಳೋಣ. ತಿಂಗಳಿಗೆ 24 ದಿನ, ಒಟ್ಟು 480 ಕಿ.ಮೀ. ಪೆಟ್ರೋಲ್ ಲೀಟರ್‌ಗೆ 103 ರೂಪಾಯಿ ಅಂತ ಹಿಡಿಯೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ.

ಸಿಟಿ ಟ್ರಾಫಿಕ್‌ನಲ್ಲಿ 12 ಕಿ.ಮೀ. ಕೊಡುವ ಕಾರಿಗೆ 40 ಲೀಟರ್ ಬೇಕು. ಖರ್ಚು 4,120 ರೂಪಾಯಿ, ಹೊಗೆ 92 ಕೆ.ಜಿ. ಲೀಟರ್‌ಗೆ 45 ಕೊಡುವ ಸ್ಕೂಟರ್‌ಗೆ 11 ಲೀಟರ್‌ಗೂ ಸ್ವಲ್ಪ ಕಡಿಮೆ. ಖರ್ಚು ಸುಮಾರು 1,100, ಹೊಗೆ 25 ಕೆ.ಜಿ. ಒಳಗೆ. ಮೀಟರ್ ದರದ ಆಟೋ ಒಂದು ಬದಿಗೆ 180, ತಿಂಗಳಿಗೆ 8,640. ಬಸ್ ಪಾಸ್ 1,200, ಹೆಂಗಸರಿಗೆ ಏನೂ ಇಲ್ಲ. ಮೆಟ್ರೋ ಒಂದು ಬದಿಗೆ 50 ರೂಪಾಯಿ ಅಂತ ಹಿಡಿದರೆ 2,400, ಕಾರ್ಡಿನ ರಿಯಾಯಿತಿ ಕಳೆದರೆ 2,280. ಸೈಕಲ್‌ಗೆ ಆಗೊಮ್ಮೆ ಈಗೊಮ್ಮೆ ಪಂಕ್ಚರ್, ಬ್ರೇಕ್ ರಬ್ಬರ್, ಚೈನ್‌ಗೆ ಎಣ್ಣೆ, ಅಷ್ಟೇ.

ಇಲ್ಲಿ ಒಂದು ಕಷ್ಟದ ಸತ್ಯ ಇದೆ. ಬರೀ ಪೆಟ್ರೋಲ್ ನೋಡಿದರೆ ಸ್ಕೂಟರ್ ಮೆಟ್ರೋಗಿಂತ ಅಗ್ಗ. ಜನ ಮೆಟ್ರೋ ಬಿಟ್ಟು ಸ್ಕೂಟರ್ ಹತ್ತುವುದು ಇದಕ್ಕೇ, ಅದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಸ್ಕೂಟರ್‌ನಲ್ಲಿ ಹೋಗುವ ಹಾಗಿದ್ದರಂತೂ ಅಂತರ ಇನ್ನೂ ಹಿಗ್ಗುತ್ತದೆ. ಆದರೆ ಪೆಟ್ರೋಲ್ ಮಾತ್ರ ನೋಡಬೇಡಿ. ಲಕ್ಷ ರೂಪಾಯಿಯ ಸ್ಕೂಟರ್ ಎಂಟು ವರ್ಷ ಬಾಳಿದರೂ ತಿಂಗಳಿಗೆ ಸಾವಿರ ರೂಪಾಯಿ ಅದರ ಬೆಲೆಗೇ ಹೋಯಿತು. ಮೇಲೆ ಇನ್ಶೂರೆನ್ಸ್, ಸರ್ವಿಸ್, ಟಯರ್. ಎಂಟು ಲಕ್ಷದ ಕಾರು ಹತ್ತು ವರ್ಷ ಓಡಿದರೆ ತಿಂಗಳಿಗೆ 6,600ಕ್ಕೂ ಹೆಚ್ಚು, ಸಾಲದ ಬಡ್ಡಿ ಬೇರೆ. ಮನೆಯಲ್ಲಿ ಈಗಾಗಲೇ ಒಂದು ಗಾಡಿ ಇದ್ದರೆ ಎರಡನೆಯದನ್ನು ಕೊಳ್ಳುವ ಮೊದಲು ಈ ಲೆಕ್ಕ ಹಾಕಿ. ನಿಜವಾದ ಉಳಿತಾಯ ಇರುವುದು ಎರಡನೆಯ ಗಾಡಿಯನ್ನು ಕೊಳ್ಳದಿರುವುದರಲ್ಲಿ. ಆ ದುಡ್ಡಿನಲ್ಲಿ ಇಬ್ಬರ ಪಾಸ್, ಒಂದು ಒಳ್ಳೆಯ ಸೈಕಲ್, ಮಳೆ ಬಂದ ದಿನದ ಆಟೋ ಎಲ್ಲ ಆಗಿ ಇನ್ನೂ ಮಿಗುತ್ತದೆ.

ಎಲೆಕ್ಟ್ರಿಕ್ ಸ್ಕೂಟರ್ ತಗೊಂಡರೆ ಮುಗಿಯಿತಾ?

ಒಂದು ಯೂನಿಟ್ ಕರೆಂಟಿಗೆ ಸುಮಾರು 30 ಕಿ.ಮೀ. ಓಡುತ್ತದೆ. ನಮ್ಮ 480 ಕಿ.ಮೀ.ಗೆ 16 ಯೂನಿಟ್, ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ನೂರರೊಳಗೆ. ದೇಶದ ಕರೆಂಟಿನ ಸರಾಸರಿ ಹೊಗೆ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಆದ್ದರಿಂದ ತಿಂಗಳಿಗೆ 11 ಕೆ.ಜಿ. ಪೆಟ್ರೋಲ್ ಸ್ಕೂಟರ್‌ನ ಅರ್ಧಕ್ಕಿಂತ ಕಡಿಮೆ. ರಸ್ತೆಯಲ್ಲಿ ಪಕ್ಕದವರ ಮೂಗಿಗೆ ಹೊಗೆ ಬಿಡುವುದೂ ಇಲ್ಲ.

ಟೂ ವೀಲರ್ ಬಿಡಲು ಆಗದವರಿಗೆ ನಾನು ಇದನ್ನೇ ಹೇಳುತ್ತೇನೆ. ಡೆಲಿವರಿ ಮಾಡುವವರು, ದಿನಕ್ಕೆ ನಾಲ್ಕು ಕಡೆ ಸುತ್ತುವ ಮೆಡಿಕಲ್ ರೆಪ್‌ಗಳು, ರಾತ್ರಿ ಪಾಳಿಯವರು, ಇವರಿಗೆ ಬಸ್ಸಿನ ಉಪದೇಶ ಮಾಡುವುದು ಸರಿಯಲ್ಲ. ಆದರೆ ಎಲೆಕ್ಟ್ರಿಕ್ ಗಾಡಿಯೂ ಅಷ್ಟೇ ಜಾಗ ತಿನ್ನುತ್ತದೆ, ಅದೇ ಸಿಗ್ನಲ್‌ನಲ್ಲಿ ನಿಲ್ಲುತ್ತದೆ, ನಮ್ಮ ಕಾಲಿಗೆ ಕೆಲಸ ಕೊಡುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಒಬ್ಬರೇ ಹೋಗುವುದಂತೂ ಟ್ರಾಫಿಕ್‌ನ ಮಟ್ಟಿಗೆ ಏನನ್ನೂ ಬದಲಿಸುವುದಿಲ್ಲ. ಹಾಗಾಗಿ ನನ್ನ ಪಟ್ಟಿಯಲ್ಲಿ ಇದು ಪೆಟ್ರೋಲ್‌ಗಿಂತ ಮೇಲೆ, ಬಸ್ಸಿಗಿಂತ ಕೆಳಗೆ.

ಕಾರೇ ಸರಿ ಅನ್ನುವ ದಿನಗಳು

ನಡೆಯಲು ಕಷ್ಟವಿರುವ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ಎಳೆ ಮಗುವಿನ ಜೊತೆ ರಾತ್ರಿ ಹೊರಟಾಗ, ಮದುವೆಗೆ ನಾಲ್ಕೈದು ಜನ ಸಾಮಾನು ಸಮೇತ ಹೋಗುವಾಗ ಕಾರೇ ಸರಿ. ವರ್ಷದಲ್ಲಿ ಇಂಥ ದಿನಗಳು ಕೆಲವೇ ಇದ್ದರೆ ಟ್ಯಾಕ್ಸಿ ಕರೆಯುವುದು ಕಾರು ಸಾಕುವುದಕ್ಕಿಂತ ಅಗ್ಗ. ಆಫೀಸಿಗೆ ಕಾರು ಬಿಡಲೇ ಆಗದು ಅನ್ನುವವರು ಅದೇ ಅಪಾರ್ಟ್‌ಮೆಂಟಿನಿಂದ ಅದೇ ಕಡೆ ಹೋಗುವ ಇನ್ನಿಬ್ಬರನ್ನು ಕೂರಿಸಿಕೊಳ್ಳಿ. ಮೂರು ಕಾರಿನ ಕೆಲಸ ಒಂದರಲ್ಲಿ ಮುಗಿಯುತ್ತದೆ.

ಮಳೆಯ ಬಗ್ಗೆಯೂ ಹೇಳಬೇಕು. ಸೆಪ್ಟೆಂಬರ್, ಅಕ್ಟೋಬರ್‌ನ ಸಂಜೆಗಳಲ್ಲಿ ಸೈಕಲ್ ಬಿಟ್ಟು ಬಸ್ಸು ಹತ್ತುವುದು ಜಾಣತನ. ಬೆಳಿಗ್ಗೆ ಸೈಕಲ್‌ನಲ್ಲಿ ಹೋಗಿ ಸಂಜೆ ಮಳೆ ಬಂದರೆ ಅದನ್ನು ಆಫೀಸಿನಲ್ಲೇ ಬೀಗ ಹಾಕಿಟ್ಟು ಬನ್ನಿ. ಅಂಡರ್‌ಪಾಸ್‌ನಲ್ಲಿ ನೀರು ನಿಂತಿದ್ದರೆ ಯಾವ ಗಾಡಿಯಲ್ಲೂ ಇಳಿಯಬೇಡಿ, ಕಾರಿನಲ್ಲಿ ಮೊದಲೇ ಬೇಡ.

ಬೆಂಗಳೂರಿನ ಹೊರಗೆ

ಮೈಸೂರಿನವರಿಗೆ ಆಯ್ಕೆ ಇನ್ನೂ ಸುಲಭ. ಊರು ಚಿಕ್ಕದು, ಬಹಳಷ್ಟು ದಾರಿಗಳು ಐದಾರು ಕಿ.ಮೀ. ಒಳಗೇ ಮುಗಿಯುತ್ತವೆ. ಬಾಡಿಗೆ ಸೈಕಲ್‌ನ ‘ಟ್ರಿಣ್ ಟ್ರಿಣ್’ ಯೋಜನೆ 2017ರ ಜೂನ್‌ನಲ್ಲಿ ಶುರುವಾದದ್ದು ಅಲ್ಲೇ, ಸುಮಾರು 450 ಸೈಕಲ್‌ಗಳಿಂದ. ಮೈಸೂರಿನಲ್ಲಿ ಮನೆ ಮಾಡಿದವರು ಎರಡನೆಯ ಸ್ಕೂಟರ್ ಕೊಳ್ಳುವ ಮೊದಲು ಸೈಕಲ್‌ನಲ್ಲಿ ಒಂದು ತಿಂಗಳು ಓಡಾಡಿ ನೋಡಲಿ.

ಹುಬ್ಬಳ್ಳಿ–ಧಾರವಾಡದ ನಡುವೆ ದಿನಾ ಹೋಗುವವರಿಗೆ ಚಿಗರಿ ಬಸ್ಸು ಇದೆ. ಸುಮಾರು 22 ಕಿ.ಮೀ. ಉದ್ದಕ್ಕೆ ಹೆಚ್ಚಿನ ಕಡೆ ರಸ್ತೆಯ ನಡುವೆ ಬಸ್ಸಿಗೇ ಬೇರೆ ದಾರಿ. ಬೆಂಗಳೂರಿನವರು ಇನ್ನೂ ಕೇಳುತ್ತಲೇ ಇರುವುದು ಅಲ್ಲಿ 2018ರಿಂದಲೇ ಓಡುತ್ತಿದೆ. ಅವಳಿ ನಗರದಲ್ಲಿ ಸ್ಟೇಷನ್ ಹತ್ತಿರ ಮನೆ ಇದ್ದವರು ಕಾರಿನ ಬಗ್ಗೆ ಯೋಚಿಸಲು ಕಾರಣ ಕಡಿಮೆ.

ಆಫೀಸು, ಶಾಲೆ ನಡೆಸುವವರಿಗೆ

ಜನ ಏನು ಆರಿಸುತ್ತಾರೆ ಅನ್ನುವುದು ಅರ್ಧ ನಿಮ್ಮ ಕೈಯಲ್ಲಿದೆ. ಬಹಳ ಕಂಪನಿಗಳು ಕಾರು ನಿಲ್ಲಿಸಲು ಬೇಸ್‌ಮೆಂಟ್ ಉಚಿತವಾಗಿ ಕೊಡುತ್ತವೆ, ಪೆಟ್ರೋಲ್ ಭತ್ಯೆ ಕೊಡುತ್ತವೆ. ನಡೆದು ಬಂದವರಿಗೆ, ಬಸ್ಸಿನಲ್ಲಿ ಬಂದವರಿಗೆ ಏನೂ ಇಲ್ಲ. ಅದೇ ಭತ್ಯೆಯನ್ನು ‘ಓಡಾಟದ ಭತ್ಯೆ’ ಅಂತ ಎಲ್ಲರಿಗೂ ಸಮನಾಗಿ ಕೊಡಿ. ಪೆಟ್ರೋಲ್ ಹಾಕಿಸುವುದೋ, ಪಾಸ್ ತೆಗೆಯುವುದೋ, ಉಳಿಸಿಕೊಳ್ಳುವುದೋ ಅವರಿಗೆ ಬಿಟ್ಟದ್ದು.

ಸೈಕಲ್ ನಿಲ್ಲಿಸುವ ಜಾಗ ಸೆಕ್ಯುರಿಟಿಯವರ ಕಣ್ಣಳತೆಯಲ್ಲಿರಲಿ, ಬೇಸ್‌ಮೆಂಟಿನ ಮೂಲೆಯಲ್ಲಲ್ಲ. ಬೀಗ ಹಾಕಲು ಕಬ್ಬಿಣದ ಕಂಬಿ ನೆಡಿ, ಬರೀ ಚಕ್ರ ಸಿಕ್ಕಿಸುವ ಸ್ಟ್ಯಾಂಡಿನಿಂದ ಸೈಕಲ್ ಕದಿಯುವುದು ಸುಲಭ. ಒಂದು ಸ್ನಾನದ ಕೋಣೆ, ಬಟ್ಟೆ ಇಡಲು ನಾಲ್ಕು ಲಾಕರ್ ಇದ್ದರೆ ಬೆವರಿನ ಮಾತೇ ಬರುವುದಿಲ್ಲ. ಬೆಳಿಗ್ಗೆಯ ಮೊದಲ ಮೀಟಿಂಗನ್ನು ಒಂಬತ್ತರಿಂದ ಹತ್ತೂವರೆಗೆ ತಳ್ಳಿದರೆ ಬಸ್ಸಿನಲ್ಲಿ ಬರುವವರಿಗೆ ಸೀಟು ಸಿಗುವ ಸಂಭವ ಹೆಚ್ಚು, ಮೆಟ್ರೋದಲ್ಲಿ ನೂಕುನುಗ್ಗಲು ಕಡಿಮೆ.

ಶಾಲೆಗಳ ಮುಂದೆ ಬೆಳಿಗ್ಗೆ ಎಂಟಕ್ಕೆ ಕಾರುಗಳ ಸಾಲು ಇರುತ್ತದೆ. ಒಂದೇ ಮಗುವಿಗೆ ಒಂದು ಕಾರು. ಅವರಲ್ಲಿ ಒಂದೂವರೆ ಕಿ.ಮೀ. ಒಳಗಿನಿಂದ ಬರುವವರೂ ಇದ್ದಾರೆ. ಒಂದೇ ಬೀದಿಯ ಏಳೆಂಟು ಮಕ್ಕಳನ್ನು ಸೇರಿಸಿ, ದಿನಕ್ಕೊಬ್ಬ ಅಪ್ಪನೋ ಅಮ್ಮನೋ ಜೊತೆಗೆ ನಡೆದು ಬರುವ ಹಾಗೆ ಪಾಳಿ ಹಾಕಬಹುದು. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಯಾರು ಯಾವ ಕ್ರಾಸಿನವರು ಅಂತ ಒಮ್ಮೆ ಕೇಳಿದರೆ ಆ ಪಟ್ಟಿ ಒಂದೇ ಸಂಜೆಯಲ್ಲಿ ತಯಾರಾಗುತ್ತದೆ. ಗೇಟಿನ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕಾರು ನಿಲ್ಲಿಸದ ಹಾಗೆ ನೋಡಿಕೊಳ್ಳಲು ಟ್ರಾಫಿಕ್ ಪೊಲೀಸರಿಗೆ ಶಾಲೆಯೇ ಪತ್ರ ಬರೆಯಬೇಕು.